ಸ್ಪ್ಯಾನಿಷ್‌ನಲ್ಲಿ ಗಾಡಿ ಓಡಿಸೋದು: ಯಾವ ಊರಿಗೆ ಯಾವ ಮಾತು

(ಸ್ಪ್ಯಾನಿಷ್ ಕಲಿಯುತ್ತಿರುವ ಕನ್ನಡಿಗರಿಗಾಗಿ ಬೆಂಗಳೂರಿನಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

"ಡ್ರೈವ್ ಮಾಡೋದಕ್ಕೆ ಸ್ಪ್ಯಾನಿಷ್‌ನಲ್ಲಿ ಏನಂತಾರೆ?" ಅಂತ ಯಾರಾದರೂ ಕೇಳಿದರೆ ನಾನು ತಕ್ಷಣ ಉತ್ತರ ಕೊಡುವುದಿಲ್ಲ. "ಯಾವ ದೇಶಕ್ಕೆ ಹೊರಟಿದ್ದೀರಿ?" ಅಂತ ತಿರುಗಿ ಕೇಳುತ್ತೇನೆ. ಕೇಳಿದವರಿಗೆ ಸ್ವಲ್ಪ ಬೇಜಾರಾಗುತ್ತದೆ. ಒಂದು ಪದ ಕೇಳಿದರೆ ಊರು ಕೇಳ್ತಾರಲ್ಲ ಅಂತ. ಆದರೆ ಬೇರೆ ದಾರಿಯಿಲ್ಲ. ಸ್ಪೇನಿನಲ್ಲಿ ಅದು 'ಕೊಂದುಥಿರ್'. ಅದೇ ಪದವನ್ನು ಅಮೆರಿಕ ಖಂಡದವರು 'ಕೊಂದುಸಿರ್' ಅಂತ ಉಚ್ಚರಿಸುತ್ತಾರೆ. ಆದರೆ ದಿನದ ಮಾತಿನಲ್ಲಿ ಅಲ್ಲಿನವರು ಜಾಸ್ತಿ ಹೇಳುವುದು 'ಮನೆಹಾರ್'. ಮೆಕ್ಸಿಕೊದಿಂದ ಅರ್ಜೆಂಟೀನಾವರೆಗೂ ಹಾಗೇ. ಪೋರ್ಟೊ ರಿಕೊಗೆ ಹೋದರೆ 'ಗಿಯಾರ್' ಅನ್ನುವ ಮೂರನೆಯ ಪದ ಕಿವಿಗೆ ಬೀಳುತ್ತದೆ.

ಇದರಲ್ಲಿ ನಮಗೆ ಆಶ್ಚರ್ಯವಾಗುವಂಥದ್ದು ಏನಿದೆ ಹೇಳಿ? ನಾವೇ ಒಂದು ಕಡೆ ಕಾರು ಓಡಿಸುತ್ತೇವೆ, ಇನ್ನೊಂದು ಕಡೆ ಬಿಡುತ್ತೇವೆ, ಉತ್ತರ ಕರ್ನಾಟಕದ ಕಡೆ ಗಾಡಿ ಹೊಡೆಯುತ್ತೇವೆ. ಹೊಡೆಯುವುದು ಎತ್ತಿನ ಗಾಡಿಯ ಕಾಲದ ಮಾತು. ಎತ್ತು ಹೋಯಿತು, ಚಾಟಿ ಹೋಯಿತು, ಮಾತು ಮಾತ್ರ ಸ್ಟೀರಿಂಗ್ ಹಿಡಿದು ಕೂತಿದೆ. ಮನೆಹಾರ್ ಕಥೆಯೂ ಇಂಥದ್ದೇ. ಅದು ಇಟಾಲಿಯನ್ ಭಾಷೆಯಿಂದ ಬಂದ ಪದ. ಅದರೊಳಗೆ ಕೈ ಅನ್ನುವ ಅರ್ಥವಿದೆ. ಕುದುರೆಯನ್ನು ಕೈಯಲ್ಲಿ ಪಳಗಿಸುವುದಕ್ಕೂ ಅದೇ ಮಾತಿತ್ತು. ಸ್ಪೇನಿನಲ್ಲಿ ಇವತ್ತಿಗೂ ಮನೆಹಾರ್ ಅಂದರೆ ಒಂದು ಉಪಕರಣವನ್ನೋ ದುಡ್ಡನ್ನೋ ನಿಭಾಯಿಸುವುದು. ಕಾರಿಗೆ ಹಾಗೆ ಹೇಳಿದರೆ "ಓ, ಇವರು ಲ್ಯಾಟಿನ್ ಅಮೆರಿಕದಲ್ಲಿ ಕಲಿತವರು" ಅಂದುಕೊಳ್ಳುತ್ತಾರೆ, ಅಷ್ಟೇ. ಅರ್ಥವಂತೂ ಆಗುತ್ತದೆ.

ಕಾರು ಅನ್ನುವುದಕ್ಕೂ ಮೂರು ಪದಗಳಿವೆ. ಸ್ಪೇನಿನಲ್ಲಿ 'ಕೋಚೆ'. ಕೊಲಂಬಿಯಾ, ವೆನೆಜುವೆಲಾ, ಮಧ್ಯ ಅಮೆರಿಕ, ಕೆರಿಬಿಯನ್ ಕಡೆ 'ಕಾರ್ರೊ'. ಅರ್ಜೆಂಟೀನಾ, ಚಿಲಿ, ಉರುಗ್ವೆಯಲ್ಲಿ 'ಔತೊ'. ಮೆಕ್ಸಿಕೊದಲ್ಲಿ ಕೋಚೆಯೂ ಉಂಟು, ಕಾರ್ರೊನೂ ಉಂಟು. ಈ ಕೋಚೆ ಹುಟ್ಟಿದ್ದು ಸ್ಪೇನಿನಲ್ಲಲ್ಲ. ಹಂಗೆರಿಯಲ್ಲಿ ಕೋಚ್ ಅಂತ ಒಂದು ಊರಿದೆ. ಅಲ್ಲಿನ ಕುದುರೆ ಸಾರೋಟು ಯುರೋಪಿನಲ್ಲೆಲ್ಲ ಹೆಸರಾಯಿತು, ಊರಿನ ಹೆಸರೇ ಗಾಡಿಯ ಹೆಸರಾಯಿತು. ಕಾರ್ರೊ ಇನ್ನೂ ಹಳೆಯದು, ಲ್ಯಾಟಿನ್ ಕಾಲದ ಬಂಡಿ. ಸ್ಪೇನಿನಲ್ಲಿ ಕಾರ್ರೊ ಅಂದರೆ ಈಗಲೂ ಪ್ರಾಣಿ ಎಳೆಯುವ ಬಂಡಿ, ಅಥವಾ ಸೂಪರ್‌ಮಾರ್ಕೆಟ್ಟಿನ ತಳ್ಳುಗಾಡಿ. "ನನ್ನ ಕಾರ್ರೊ ಹೊರಗೆ ನಿಂತಿದೆ" ಅಂತ ಮ್ಯಾಡ್ರಿಡ್‌ನಲ್ಲಿ ಹೇಳಿ ನೋಡಿ. ಮುಖದಲ್ಲಿ ಸಣ್ಣ ನಗು ಕಾಣುತ್ತದೆ.

ಸ್ಪ್ಯಾನಿಷ್ ಮಾತಾಡುವ ದೇಶಗಳು 20 ಇವೆ. ಎಲ್ಲ ದೇಶಗಳ ಪದಪಟ್ಟಿಯನ್ನೂ ಬಾಯಿಪಾಠ ಮಾಡುತ್ತೇನೆ ಅಂತ ಹೊರಡಬೇಡಿ. ಒಂದು ದೇಶ ಆರಿಸಿಕೊಳ್ಳಿ. ಆ ದೇಶದ ಮಾತುಗಳನ್ನು ಒಟ್ಟಿಗೆ, ಒಂದು ಸೆಟ್ ಆಗಿ ಕಲಿಯಿರಿ. ಈ ಪದಗಳು ಒಂಟಿಯಾಗಿ ಓಡಾಡುವುದಿಲ್ಲ, ಗುಂಪಿನಲ್ಲಿ ಓಡಾಡುತ್ತವೆ. ಕುಡಿದು ಗಾಡಿ ಓಡಿಸಬೇಡಿ ಅನ್ನುವ ಎಚ್ಚರಿಕೆಯನ್ನೇ ನೋಡಿ. ಸ್ಪೇನಿನ ಸಂಚಾರ ಇಲಾಖೆಯ ಹೆಸರುವಾಸಿ ಪ್ರಚಾರ ವಾಕ್ಯ "ಸಿ ಬೇಬೆಸ್, ನೊ ಕೊಂದುಥ್ಕಾಸ್". ಅದಕ್ಕಾಗಿ 1985ರಲ್ಲಿ ಅಮೆರಿಕದ ಹೆಸರಾಂತ ಅಂಧ ಗಾಯಕ ಸ್ಟೀವಿ ವಂಡರ್ ಅವರನ್ನೇ ಟಿವಿಗೆ ಕರೆತಂದಿದ್ದರು. ಮೆಕ್ಸಿಕೊದಲ್ಲಿ ಅದೇ ಮಾತು "ಸಿ ತೋಮಾ, ನೊ ಮನೇಹೆ". ಅರ್ಜೆಂಟೀನಾದಲ್ಲಿ "ಸಿ ತೊಮಾಸ್, ನೊ ಮನೇಹೆಸ್".

ಎಷ್ಟು ಬದಲಾಯಿತು ನೋಡಿದಿರಾ? ಬದಲಾದದ್ದು ಓಡಿಸುವ ಪದ ಒಂದೇ ಅಲ್ಲ. ಕುಡಿಯುವುದೂ ಬದಲಾಯಿತು. ಸ್ಪೇನಿನವರು 'ಬೆಬೇರ್' ಅಂದರೆ, ಆ ಕಡೆಯವರು 'ತೊಮಾರ್' ಅಂದರು. ಎದುರಿಗಿರುವವರನ್ನು ಕರೆಯುವ ರೀತಿಯೂ ಬೇರೆ. ಸ್ಪೇನ್ ನೀನು ಅಂದಿತು, ಮೆಕ್ಸಿಕೊ ನೀವು ಅಂದಿತು, ಅರ್ಜೆಂಟೀನಾ ತನ್ನದೇ 'ಬೊಸ್' ಅನ್ನುವ ನೀನು ಹಿಡಿಯಿತು. ಹಾಗಾಗಿ ಮ್ಯಾಡ್ರಿಡ್‌ನಿಂದ ಒಂದು, ಮೆಕ್ಸಿಕೊದಿಂದ ಎರಡು ಅಂತ ಹೆಕ್ಕಿ ವಾಕ್ಯ ಕಟ್ಟಿದರೆ ತಪ್ಪೇನೂ ಆಗುವುದಿಲ್ಲ. ಆದರೆ ಅದು ಯಾವ ಊರಿನವರ ಮಾತೂ ಆಗಿರುವುದಿಲ್ಲ.

ವ್ಯಾಕರಣದ ವಿಷಯ ಬೇಗ ಮುಗಿಸುತ್ತೇನೆ. ಕೊಂದುಸಿರ್ ತಂಟೆಕೋರ ಕ್ರಿಯಾಪದ. ನಾನು ಓಡಿಸುತ್ತೇನೆ ಅನ್ನಲು 'ಕೊಂದುಸ್ಕೊ', ಓಡಿಸಿದೆ ಅನ್ನಲು 'ಕೊಂದೂಹೆ', ಅವರು ಓಡಿಸಿದರು ಅನ್ನಲು 'ಕೊಂದುಹೇರೊನ್'. 'ಕೊಂದುಸಿಯೇರೊನ್' ಅನ್ನುವ ತಪ್ಪು ರೂಪ ಅದೇ ಭಾಷೆ ಆಡಿ ಬೆಳೆದವರ ಬಾಯಲ್ಲೂ ಕೇಳಿಸುತ್ತದೆ. ಮನೆಹಾರ್ ಸಾಧು. ಮೊದಲ ತಿಂಗಳು ಕಲಿತ ನಿಯಮದಲ್ಲೇ ಪೂರ್ತಿ ನಡೆಯುತ್ತದೆ. ಲ್ಯಾಟಿನ್ ಅಮೆರಿಕದ ಕಡೆ ಹೋಗುವವರು ಈ ವಿಷಯದಲ್ಲಿ ಅದೃಷ್ಟವಂತರು.

ಇನ್ನೊಂದು ಮಾತು. ಶಾಲೆಯಲ್ಲಿ ಕಲಿತ ಇಂಗ್ಲಿಷನ್ನು ತಲೆಯಲ್ಲಿಟ್ಟುಕೊಂಡು "ನಾವು ಟೊಲೇಡೊಗೆ ಡ್ರೈವ್ ಮಾಡಿದೆವು" ಅಂತ ಸ್ಪ್ಯಾನಿಷ್‌ಗೆ ತರಲು ಹೋಗುತ್ತೇವೆ. ಅಲ್ಲಿನವರು ಹಾಗೆ ಹೇಳುವುದು ಕಡಿಮೆ. ಟೊಲೇಡೊಗೆ ಕಾರಿನಲ್ಲಿ ಹೋದೆವು ಅನ್ನುತ್ತಾರೆ: "ಫುಯಿಮೊಸ್ ಆ ತೊಲೇದೊ ಎನ್ ಕೋಚೆ". ಅಣ್ಣ ನನ್ನನ್ನು ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೋದ ಅನ್ನಲು 'ಯೆಬಾರ್' ಸಾಕು. ಸ್ಟೀರಿಂಗ್ ಹಿಡಿದವರು ಯಾರು ಅನ್ನುವುದೇ ಮುಖ್ಯವಾದಾಗ ಮಾತ್ರ ಕೊಂದುಸಿರ್, ಮನೆಹಾರ್ ಬೇಕು. ಕನ್ನಡದಲ್ಲಿ ನಾವು ಹೇಳುವುದೂ ಹೀಗೇ ಅಲ್ವಾ? "ಮೈಸೂರಿಗೆ ಕಾರಲ್ಲಿ ಹೋದ್ವಿ. ಭಾವ ಓಡಿಸಿದ್ರು." ಇಲ್ಲಿ ಇಂಗ್ಲಿಷನ್ನು ಮರೆತು ಕನ್ನಡದ ದಾರಿ ಹಿಡಿದರೆ ಸ್ಪ್ಯಾನಿಷ್ ತಾನಾಗಿ ಸರಿಹೋಗುತ್ತದೆ.

ಯಾವ ಪದ ತಪ್ಪಿದರೆ ನಿಜಕ್ಕೂ ತೊಂದರೆ? ಕೋಚೆ ಬದಲು ಕಾರ್ರೊ ಅಂದರೆ ಏನೂ ಆಗಲ್ಲ. ಅಪಾಯ ಇರುವುದು ಒಂದೇ ಪದಕ್ಕೆ ಎರಡು ಕಡೆ ಎರಡು ಅರ್ಥ ಇರುವಲ್ಲಿ. ನಿಮಗೂ ಆ ಪದ ಗೊತ್ತು, ಎದುರಿನವರಿಗೂ ಗೊತ್ತು. ಇಬ್ಬರೂ ಬೇರೆ ಬೇರೆ ವಿಷಯ ಮಾತಾಡುತ್ತಿರುತ್ತೀರಿ, ಅದು ಇಬ್ಬರಿಗೂ ಗೊತ್ತಾಗುವುದಿಲ್ಲ.

ಪೆಟ್ರೋಲ್ ಬಂಕಿನಿಂದ ಶುರು ಮಾಡೋಣ. ಭಾರತೀಯರು ಅತಿ ಸುಲಭವಾಗಿ ಬೀಳುವ ಗುಂಡಿ ಇದು. ನಮಗೆ ಪೆಟ್ರೋಲ್ ಗೊತ್ತು, ಸ್ಪ್ಯಾನಿಷ್‌ನಲ್ಲಿ 'ಪೆತ್ರೋಲಿಯೊ' ಅಂತ ಪದ ಕಾಣುತ್ತದೆ. ಇದೇ ಇರಬೇಕು ಅಂದುಕೊಳ್ಳುತ್ತೇವೆ. ಅಲ್ಲ. ಪೆತ್ರೋಲಿಯೊ ಅಂದರೆ ಭೂಮಿಯಿಂದ ತೆಗೆಯುವ ಕಚ್ಚಾ ಎಣ್ಣೆ. ಚಿಲಿಯ ಆಡುಮಾತಿನಲ್ಲಂತೂ ಅದು ಡೀಸೆಲ್! ಪೆಟ್ರೋಲ್ ಕಾರಿಗೆ ಪೆತ್ರೋಲಿಯೊ ಹಾಕಿ ಅಂದರೆ, ಹುಡುಗ ಡೀಸೆಲ್ ಪೈಪು ಎತ್ತಿದರೆ ಅವನ ತಪ್ಪಿಲ್ಲ. ಚಿಲಿಯಲ್ಲಿ ಪೆಟ್ರೋಲಿಗೆ 'ಬೆನ್ಸಿನಾ' ಅನ್ನಬೇಕು. ಅರ್ಜೆಂಟೀನಾ, ಉರುಗ್ವೆ, ಪರಾಗ್ವೆಯಲ್ಲಿ 'ನಾಫ್ತಾ'. ಉಳಿದ ಹೆಚ್ಚಿನ ಕಡೆ 'ಗಸೊಲಿನಾ'. ಇಲ್ಲಿ ಇನ್ನೊಂದು ಗುಂಡಿಯಿದೆ. 'ಗಸೊಯ್ಲ್' ಅಂತ ಬೋರ್ಡು ಕಂಡರೆ ಅದು ಗಸೊಲಿನಾದ ತಮ್ಮ ಅಂದುಕೊಳ್ಳಬೇಡಿ. ಸ್ಪೇನ್, ಅರ್ಜೆಂಟೀನಾಗಳಲ್ಲಿ ಗಸೊಯ್ಲ್ ಅಂದರೆ ಡೀಸೆಲ್. ಸ್ಪೇನಿನಲ್ಲಿ ಇದನ್ನೇ 'ಗಸೋಲಿಯೊ' ಅಂತಲೂ ಬರೆಯುತ್ತಾರೆ. 2018ರ ಅಕ್ಟೋಬರಿನಿಂದ ಯುರೋಪಿನ ಪಂಪುಗಳ ಮೇಲೆ ಹೊಸ ಗುರುತುಗಳು ಬಂದಿವೆ. ಪೆಟ್ರೋಲಿಗೆ ದುಂಡು, ಡೀಸೆಲ್‌ಗೆ ಚೌಕ. ಬಾಡಿಗೆ ಕಾರು ಪಡೆದಾಗ ಟ್ಯಾಂಕಿನ ಮುಚ್ಚಳ ತೆಗೆದು ಆ ಗುರುತು ನೋಡಿಕೊಳ್ಳಿ. ಭಾಷೆ ಕೈಕೊಟ್ಟರೂ ಗುರುತು ಕೈಕೊಡಲ್ಲ.

ಬಂಕಿನ ಹೆಸರೂ ಬೇರೆ ಬೇರೆ. ಸ್ಪೇನ್, ಮೆಕ್ಸಿಕೊದಲ್ಲಿ 'ಗಸೊಲಿನೇರಾ'. ಕೊಲಂಬಿಯಾದಲ್ಲಿ 'ಬೊಂಬಾ', ಅಂದರೆ ಪಂಪು. ಪೆರುವಿನಲ್ಲಿ 'ಗ್ರಿಫೊ'. ಗ್ರಿಫೊ ಅಂದರೆ ಸ್ಪೇನಿನವರಿಗೆ ಅಡುಗೆಮನೆಯ ನಲ್ಲಿ. ಲಿಮಾದಲ್ಲಿ "ಮುಂದಿನ ಗ್ರಿಫೊ ಹತ್ತಿರ ಎಡಕ್ಕೆ" ಅಂದರೆ ನೀರಿನ ನಲ್ಲಿ ಹುಡುಕುತ್ತಾ ಹೋಗಬೇಡಿ.

ದಾರಿ ಕೇಳುವಾಗ ಇನ್ನೂ ಹುಷಾರಾಗಿರಬೇಕು. 'ದೆರೇಚಾ' ಅಂದರೆ ಬಲಗಡೆ. 'ದೆರೇಚೊ' ಅಂದರೆ ನೇರ. ಕೊನೆಯ ಒಂದು ಸ್ವರ ತಪ್ಪಿದರೆ ಬೇರೆ ರಸ್ತೆ. "ಆ ಲಾ ದೆರೇಚಾ" ಅಂದರೆ ಬಲಕ್ಕೆ ತಿರುಗಿ, "ತೋದೊ ದೆರೇಚೊ" ಅಂದರೆ ನೇರ ಹೋಗುತ್ತಾ ಇರಿ. ಕೊನೆಯ ಸ್ವರ ಕೇಳಿಸದಿದ್ದರೆ ಪದದ ಮೊದಲು 'ಆ ಲಾ' ಇದೆಯಾ ಇಲ್ವಾ ಅಂತ ಗಮನಿಸಿ. ಅದಿದ್ದರೆ ತಿರುವು. ಸ್ಪೇನಿನಲ್ಲಿ ನೇರ ಅನ್ನಲು 'ರೆಕ್ತೊ' ಜಾಸ್ತಿ ಬಳಸುತ್ತಾರೆ, ಗೊಂದಲ ಕಡಿಮೆ. ಜೊತೆಗೆ ಇದೂ ನೆನಪಿರಲಿ: ಸ್ಪ್ಯಾನಿಷ್ ಮಾತಾಡುವ ಈ ದೇಶಗಳಲ್ಲೆಲ್ಲ ಗಾಡಿ ಓಡುವುದು ರಸ್ತೆಯ ಬಲಗಡೆ. ಎಡಗಡೆ ಓಡಿಸಿ ಬೆಳೆದ ನಮಗೆ ಕೈ ಒಂದು ಕಡೆ, ಕಿವಿ ಒಂದು ಕಡೆ ಎಳೆಯುತ್ತದೆ.

ಕಾರಿನ ಒಳಗಿನ ಪದಗಳಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವವು ಮೂರು. ಮೊದಲನೆಯದು 'ಇಂತೆರ್ಮಿತೆಂತೆ'. ಸ್ಪೇನಿನಲ್ಲಿ ಇದು ನಾವು ಇಂಡಿಕೇಟರ್ ಅನ್ನುವ ದೀಪ. ತಿರುಗುವ ಮೊದಲು ಹಾಕುವಂಥದ್ದು. ಮೆಕ್ಸಿಕೊದಲ್ಲಿ 'ಇಂತೆರ್ಮಿತೆಂತೆಸ್' ಅಂದರೆ ಗಾಡಿ ಕೆಟ್ಟು ನಿಂತಾಗ ನಾಲ್ಕೂ ಕಡೆ ಮಿನುಗುವ ದೀಪಗಳು. ತಿರುಗುವ ದೀಪಕ್ಕೆ ಅಲ್ಲಿ 'ದಿರೆಕ್ಸಿಯೊನಾಲ್'. ಸ್ಪೇನಿನ ಪುಸ್ತಕ ಓದಿ ಮೆಕ್ಸಿಕೊದಲ್ಲಿ ಡ್ರೈವಿಂಗ್ ಕ್ಲಾಸಿಗೆ ಸೇರಿದವರು, ಮೇಷ್ಟ್ರು ಇಂತೆರ್ಮಿತೆಂತೆಸ್ ಹಾಕಿ ಅಂದರೆ ತಿರುಗಲು ತಯಾರಾಗುತ್ತಾರೆ. ಮೇಷ್ಟ್ರು ನಿಲ್ಲಿಸಿ ಅಂತ ಹೇಳುತ್ತಿರುತ್ತಾರೆ.

ಎರಡನೆಯದು 'ಮಾರ್ಚಾ'. ಸ್ಪೇನಿನಲ್ಲಿ ಗೇರು. 'ಮಾರ್ಚಾ ಅತ್ರಾಸ್' ಅಂದರೆ ರಿವರ್ಸ್. ಮೆಕ್ಸಿಕೊದ ಮೆಕ್ಯಾನಿಕ್ ಮಾರ್ಚಾ ಹೋಗಿದೆ ಅಂದರೆ ಗೇರ್ ಬಾಕ್ಸ್ ಹೋಯಿತೆಂದು ಎದೆ ಹಿಡಿದುಕೊಳ್ಳಬೇಡಿ. ಅವನು ಹೇಳುತ್ತಿರುವುದು ಸ್ಟಾರ್ಟರ್ ಮೋಟಾರಿನ ವಿಷಯ. ಅಲ್ಲಿ ಗೇರಿಗೆ 'ಬೆಲೊಸಿದಾದ್', ರಿವರ್ಸಿಗೆ 'ರೆಬೇರ್ಸಾ'. ಗೇರಿನ ಗಾಡಿಯನ್ನು ಮೆಕ್ಸಿಕೊದಲ್ಲಿ 'ಎಸ್ತಾಂದಾರ್' ಅಂತಾರೆ, ಕೊಲಂಬಿಯಾದಲ್ಲಿ 'ಮೆಕಾನಿಕೊ', ವೆನೆಜುವೆಲಾದಲ್ಲಿ 'ಸಿಂಕ್ರೋನಿಕೊ'. ಸ್ಪೇನಿನವರ 'ಎಂಬ್ರಾಗೆ' ಮೆಕ್ಸಿಕೊಗೆ ಬಂದರೆ 'ಕ್ಲಚ್' ಆಗಿಬಿಡುತ್ತದೆ. ನಮ್ಮ ಗ್ಯಾರೇಜಿನವರಿಗೆ ಭಾಷಾಂತರವೇ ಬೇಡ.

ಮೂರನೆಯದು 'ಯಾಂತಾ'. ಮೆಕ್ಸಿಕೊ, ಕೊಲಂಬಿಯಾ, ಪೆರುವಿನಲ್ಲಿ ಟೈರು. ಸ್ಪೇನಿನಲ್ಲಿ ಟೈರು ಕೂರುವ ಲೋಹದ ರಿಮ್ಮು. ಯಾಂತಾ ಬದಲಾಯಿಸಬೇಕು ಅಂದರೆ ಬಿಲ್ಲು ಎರಡು ಕಡೆ ಎರಡು ಥರ ಬರುತ್ತದೆ. ಸ್ಪೇನಿನವರು ಟೈರಿಗೆ 'ರುಯೇದಾ' ಅಥವಾ 'ನೆಉಮಾತಿಕೊ' ಅನ್ನುತ್ತಾರೆ. ಅರ್ಜೆಂಟೀನಾ, ಕೆರಿಬಿಯನ್ ಕಡೆ 'ಗೋಮಾ', ವೆನೆಜುವೆಲಾದಲ್ಲಿ 'ಕಾವ್ಚೊ'. ಎರಡಕ್ಕೂ ರಬ್ಬರು ಅನ್ನುವ ಅರ್ಥವೇ. ಪಂಕ್ಚರ್ ಹಾಕುವವನ ಅಂಗಡಿ ಹುಡುಕಬೇಕಾದರೆ ಬೋರ್ಡಿನ ಹೆಸರು ಗೊತ್ತಿರಬೇಕಲ್ಲ? ಅರ್ಜೆಂಟೀನಾದಲ್ಲಿ 'ಗೊಮೆರಿಯಾ', ಕೊಲಂಬಿಯಾದಲ್ಲಿ 'ಮೊಂತಾಯಾಂತಾಸ್', ಮೆಕ್ಸಿಕೊದಲ್ಲಿ 'ಬುಲ್ಕನಿಸದೋರಾ'. ಆ ಕೊನೆಯದನ್ನು ನಿಧಾನವಾಗಿ ಓದಿ. ವಲ್ಕನೈಸಿಂಗ್ ಅಂತ ನಮ್ಮ ಹೆದ್ದಾರಿ ಬದಿಯ ಬೋರ್ಡುಗಳಲ್ಲಿ ನೋಡಿರುತ್ತೀರಿ.

ಈಗ ಸ್ವಲ್ಪ ಮುಜುಗರದ ವಿಷಯ. ಮಕ್ಕಳಿದ್ದರೆ ಕ್ಷಮಿಸಿ. ಸ್ಪೇನಿನಲ್ಲಿ 'ಕೊಹೇರ್' ಅಂದರೆ ಹಿಡಿಯುವುದು, ತೆಗೆದುಕೊಳ್ಳುವುದು. "ಕೊಹೇರ್ ಎಲ್ ಕೋಚೆ", ಕಾರು ತೆಗೆದುಕೊಂಡು ಹೋಗುವುದು. ದಿನಕ್ಕೆ ನೂರು ಸಲ ಹೇಳುವ ಮಾತು. ಮೆಕ್ಸಿಕೊ, ಅರ್ಜೆಂಟೀನಾದಲ್ಲಿ ಅದು ಲೈಂಗಿಕ ಕ್ರಿಯೆಗೆ ಬಳಸುವ ಹಸಿ ಪದ. ಅಲ್ಲಿ ಬಸ್ಸು, ಕಾರು, ಟ್ಯಾಕ್ಸಿ ಯಾವುದನ್ನೂ ಕೊಹೇರ್ ಮಾಡಬೇಡಿ. 'ತೊಮಾರ್' ಅಥವಾ 'ಅಗರ್ರಾರ್' ಅನ್ನಿ. ಕ್ಯೂಬಾದಲ್ಲಿ ಕೊಹೇರ್‌ಗೆ ಈ ಕಳಂಕ ಇಲ್ಲ. ದಾರಿಯಲ್ಲಿ ಯಾರದೋ ಗಾಡಿಗೆ ಕೈ ಅಡ್ಡ ಹಾಕಿ ಹತ್ತುವುದಕ್ಕೆ ಅಲ್ಲಿ "ಕೊಹೇರ್ ಬೊತೇಯಾ" ಅನ್ನುತ್ತಾರೆ. ಅಕ್ಷರಶಃ ನೋಡಿದರೆ ಬಾಟಲಿ ಹಿಡಿಯುವುದು! ನಾವು ಡ್ರಾಪ್ ಕೊಡ್ತೀರಾ ಅನ್ನುವ ಕಡೆ ಮೆಕ್ಸಿಕೊದವರು 'ಅಬೆಂತೋನ್' ಕೇಳುತ್ತಾರೆ, ಉತ್ತರದ ಗಡಿ ಕಡೆಯವರು ಇಂಗ್ಲಿಷಿನ ರೈಡನ್ನೇ ತಿರುಚಿ 'ರೈತೆ' ಮಾಡಿಕೊಂಡಿದ್ದಾರೆ.

ಇದೇ ಸಾಲಿನಲ್ಲಿ ನಮಗೆ ಗೊತ್ತಿರುವ ಒಂದು ಗಾಡಿಯಿದೆ. ಮಿತ್ಸುಬಿಷಿ ಪಜೆರೊ. ನಮ್ಮ ರಸ್ತೆಗಳಲ್ಲಿ ಗತ್ತಿನಿಂದ ಓಡಾಡಿದ ಗಾಡಿ. ಸ್ಪೇನಿನಲ್ಲೂ ಲ್ಯಾಟಿನ್ ಅಮೆರಿಕದ ಸ್ಪ್ಯಾನಿಷ್ ದೇಶಗಳಲ್ಲೂ ಅದೇ ಗಾಡಿಯನ್ನು 'ಮೊಂತೇರೊ' ಅಂತ ಮಾರಿದರು. ಪಜೆರೊ ಅನ್ನುವುದು ಸ್ಪ್ಯಾನಿಷ್‌ನಲ್ಲಿ ಒಂದು ಕೊಳಕು ಬೈಗುಳ, ಅದಕ್ಕೆ. ಇದು ನಿಜದ ಕಥೆ. ಆದರೆ ಇದರ ಜೊತೆ ಯಾವಾಗಲೂ ಹೇಳುವ ಇನ್ನೊಂದು ಕಥೆ ಸುಳ್ಳು. ಶೆವರ್ಲೆ ನೋವಾ ಅನ್ನುವ ಕಾರು 'ನೊ ಬಾ', ಅಂದರೆ ಓಡಲ್ಲ, ಅಂತ ಕೇಳಿಸಿದ್ದರಿಂದ ಮೆಕ್ಸಿಕೊದಲ್ಲಿ ಮಾರಾಟವೇ ಆಗಲಿಲ್ಲ ಅಂತಾರಲ್ಲ? ಮಾರ್ಕೆಟಿಂಗ್ ಪಾಠಗಳಲ್ಲಿ ಇದು ಇನ್ನೂ ಓಡುತ್ತಿದೆ. ಕಾರು ಅಲ್ಲಿ ಚೆನ್ನಾಗೇ ಮಾರಾಟವಾಯಿತು. ಮೆಕ್ಸಿಕೊದ ಸರ್ಕಾರಿ ಎಣ್ಣೆ ಕಂಪನಿ ಪೆಮೆಕ್ಸ್ ತಾನೇ ನೋವಾ ಅನ್ನುವ ಹೆಸರಿನ ಪೆಟ್ರೋಲ್ ಮಾರುತ್ತಿತ್ತು. ಒಂದೇ ಪದವಾಗಿ, ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು ಹೇಳಿದಾಗ ಸ್ಪ್ಯಾನಿಷ್ ಕಿವಿಗೆ ಅದು ಓಡಲ್ಲ ಅಂತ ಕೇಳಿಸುವುದೇ ಇಲ್ಲ.

ಇಷ್ಟು ಭಯ ಹುಟ್ಟಿಸಿದ್ದು ಸಾಕು. ನನಗೆ ಈ ವಿಷಯದಲ್ಲಿ ಅತಿ ಪ್ರೀತಿಯ ಭಾಗಕ್ಕೆ ಬರುತ್ತೇನೆ. ಅದು ರಸ್ತೆಯ ಹಂಪು.

ಸರ್ಕಾರಿ ಭಾಷೆಯಲ್ಲಿ ವೇಗ ತಗ್ಗಿಸುವ ಸಾಧನ ಅನ್ನುವ ಅರ್ಥದ ಉದ್ದದ ಹೆಸರುಗಳಿವೆ. ಅವನ್ನು ಬಿಡಿ. ಜನ ಏನಂತಾರೆ ಕೇಳಿ. ಮೆಕ್ಸಿಕೊದಲ್ಲಿ 'ತೋಪೆ'. ಊರೊಳಗೆ ಹೊಕ್ಕ ಕೂಡಲೇ ಸಿಗುತ್ತದೆ, ಎಷ್ಟೋ ಸಲ ಬಣ್ಣವೂ ಇರುವುದಿಲ್ಲ, ಬೋರ್ಡೂ ಇರುವುದಿಲ್ಲ. ನಮಗೇನು ಹೊಸದಲ್ಲ. ಅರ್ಜೆಂಟೀನಾದಲ್ಲಿ 'ಲೋಮೊ ದೆ ಬುರ್ರೊ', ಕತ್ತೆಯ ಬೆನ್ನು. ಪಕ್ಕದ ಚಿಲಿಯಲ್ಲಿ 'ಲೋಮೊ ದೆ ತೋರೊ', ಗೂಳಿಯ ಬೆನ್ನು. ಆಂಡೀಸ್ ಬೆಟ್ಟ ದಾಟಿದ್ದೇ ಕತ್ತೆ ಹೋಗಿ ಗೂಳಿ ಆಯಿತು. ಪೆರುವಿನಲ್ಲಿ 'ರೊಂಪೆಮುಯೇಯೆಸ್', ಸ್ಪ್ರಿಂಗ್ ಮುರಿಯುವವನು. ಇದರಷ್ಟು ಪ್ರಾಮಾಣಿಕ ಹೆಸರು ಬೇರೊಂದಿಲ್ಲ. ಗ್ವಾಟೆಮಾಲಾದಲ್ಲಿ 'ತೂಮುಲೊ', ಅಂದರೆ ಸಮಾಧಿ ದಿಬ್ಬ. ಕೊಲಂಬಿಯಾ, ವೆನೆಜುವೆಲಾದಲ್ಲಿ 'ಪೊಲಿಸಿಯಾ ಅಕೊಸ್ತಾದೊ', ಮಲಗಿದ ಪೊಲೀಸಪ್ಪ. ಸ್ಪೇನಿನವರೂ ಇದೇ ತಮಾಷೆ ಮಾಡಿ 'ಗ್ವಾರ್ದಿಯಾ ತುಂಬಾದೊ' ಅನ್ನುತ್ತಾರೆ. ಕೋಸ್ಟರಿಕಾದಲ್ಲಂತೂ ಆ ಪೊಲೀಸ್ ಮಲಗಿಲ್ಲ, ಸತ್ತೇ ಹೋಗಿದ್ದಾನೆ. ಅಲ್ಲಿ ಹಂಪಿಗೆ 'ಮುಯೆರ್ತೊ', ಹೆಣ, ಅನ್ನುವ ಹೆಸರಿದೆ.

ಟ್ರಾಫಿಕ್ ಜಾಮ್ ವಿಷಯದಲ್ಲೂ ಜನ ಹೀಗೇ ಧಾರಾಳ. ಸ್ಪೇನಿನಲ್ಲಿ 'ಅತಾಸ್ಕೊ'. ಪೋರ್ಟೊ ರಿಕೊದಲ್ಲಿ 'ತಪೋನ್', ಬಾಟಲಿಯ ಬಿರಡೆ. ಕೋಸ್ಟರಿಕಾದಲ್ಲಿ 'ಪ್ರೇಸಾ', ಅಣೆಕಟ್ಟು. ವೆನೆಜುವೆಲಾದಲ್ಲಿ 'ಕೋಲಾ', ಸಾಲು ಅಥವಾ ಬಾಲ. ಕೊಲಂಬಿಯಾದಲ್ಲಿ 'ತ್ರಂಕೋನ್'. ಚಿಲಿಯಲ್ಲಿ 'ತಾಕೊ'. ಮೆಕ್ಸಿಕೊದಿಂದ ಚಿಲಿಗೆ ಬಂದವರು "ಇವತ್ತು ದೊಡ್ಡ ತಾಕೊ ಇತ್ತು" ಅಂತ ಆಫೀಸಿನಲ್ಲಿ ಕೇಳಿಸಿಕೊಂಡು ತಮ್ಮೂರಿನ ತಿಂಡಿ ತಾಕೊ ವಿಷಯ ಅಂದುಕೊಂಡರೆ ಅದು ಸಹಜವೇ. ಕೊಲಂಬಿಯಾದವರ ಬಾಯಲ್ಲಿ ಜಾಮಿನ ಜೊತೆಗೇ ಬರುವ ಇನ್ನೊಂದು ಮಾತು 'ಪಿಕೊ ಇ ಪ್ಲಾಕಾ'. ದಟ್ಟಣೆಯ ಹೊತ್ತು ಮತ್ತು ನಂಬರ್ ಪ್ಲೇಟು ಅಂತ ಅರ್ಥ. ಪ್ಲೇಟಿನ ಸಂಖ್ಯೆ ನೋಡಿ ಕೆಲವು ದಿನ ಗಾಡಿ ಹೊರಗೆ ತೆಗೆಯಬಾರದು ಅನ್ನುವ ಈ ನಿಯಮ ಬೊಗೊಟಾದಲ್ಲಿ 1998ರಲ್ಲಿ ಬಂತು. ಮೆಕ್ಸಿಕೊ ನಗರದಲ್ಲಿ ಅದಕ್ಕೂ ಮೊದಲೇ, 1989ರಲ್ಲಿ, 'ಓಯ್ ನೊ ಸಿರ್ಕುಲಾ', ಅಂದರೆ ಇವತ್ತು ಓಡಾಟವಿಲ್ಲ, ಅನ್ನುವ ಇಂಥದ್ದೇ ನಿಯಮ ಶುರುವಾಗಿತ್ತು. "ನನಗೆ ಇವತ್ತು ಪಿಕೊ ಇ ಪ್ಲಾಕಾ" ಅಂತ ಬೊಗೊಟಾದ ಸಹೋದ್ಯೋಗಿ ಹೇಳಿದರೆ, ಇವತ್ತು ಕಾರು ತರುವಂತಿಲ್ಲ, ನಿನ್ನ ಜೊತೆ ಬರಲಾ ಅಂತ ಅರ್ಥ.

ನಿಲ್ಲಿಸಿ ಅನ್ನುವ ಎಂಟು ಮೂಲೆಯ ಕೆಂಪು ಬೋರ್ಡನ್ನೂ ಹೇಳಿಬಿಡುತ್ತೇನೆ. ಸ್ಪೇನಿನಲ್ಲಿ ಅದರ ಮೇಲೆ ಇಂಗ್ಲಿಷಿನ ಸ್ಟಾಪ್ ಪದವೇ ಇರುತ್ತದೆ. ದಕ್ಷಿಣ ಅಮೆರಿಕದಲ್ಲಿ 'ಪಾರೆ'. ಮೆಕ್ಸಿಕೊ, ಮಧ್ಯ ಅಮೆರಿಕದಲ್ಲಿ 'ಆಲ್ತೊ'. ಮಾರುತಿ ಆಲ್ಟೊ ಓಡಿಸಿ ಡ್ರೈವಿಂಗ್ ಕಲಿತವರು ಮೆಕ್ಸಿಕೊದಲ್ಲಿ ಮೂಲೆ ಮೂಲೆಗೆ ತಮ್ಮ ಗಾಡಿಯ ಹೆಸರು ನೋಡಬಹುದು. ಅಲ್ಲಿನ ಹೆದ್ದಾರಿಯಲ್ಲಿ ದಾರಿ ಕವಲೊಡೆಯುವ ಕಡೆ 'ಕುವೋತಾ', 'ಲೀಬ್ರೆ' ಅಂತ ಎರಡು ಬೋರ್ಡು ಕಾಣುತ್ತವೆ. ಕುವೋತಾ ಕಡೆ ಟೋಲ್ ಇದೆ, ಲೀಬ್ರೆ ಕಡೆ ಇಲ್ಲ. ಓವರ್‌ಟೇಕ್ ಮಾಡುವುದಕ್ಕೆ ಮೆಕ್ಸಿಕೊದಲ್ಲಿ 'ರೆಬಸಾರ್', ಸ್ಪೇನಿನಲ್ಲಿ 'ಅದೆಲಾಂತಾರ್'. "ನೊ ರೆಬಾಸೆ ಕೊನ್ ರಾಯಾ ಕೊಂತಿನುವಾ" ಅಂತ ಕಂಡರೆ, ಕಡಿಯದ ಗೆರೆ ಇರುವಲ್ಲಿ ಓವರ್‌ಟೇಕ್ ಮಾಡಬೇಡಿ ಅಂತ. ಇನ್ನೊಂದು ಮಾತು. ಪಕ್ಕದಲ್ಲಿ ಕೂತ ಮೆಕ್ಸಿಕನ್ ಗೆಳೆಯ ಇದ್ದಕ್ಕಿದ್ದಂತೆ "ಆಗ್ವಾಸ್!" ಅಂತ ಕೂಗಿದರೆ ನೀರಿನ ಬಾಟಲಿ ಹುಡುಕಬೇಡಿ. ಬ್ರೇಕ್ ಒತ್ತಿ. ಅಲ್ಲಿ ಆ ಮಾತಿಗೆ ಹುಷಾರ್ ಅಂತ ಅರ್ಥ.

ಈಗ ಪ್ರಶ್ನೆಗಳು.

ಒಬ್ಬರು ಕೇಳಿದರು: ಪೊಲೀಸರು ನಿಲ್ಲಿಸಿದರೆ ಏನು ಮಾತಾಡಬೇಕು?

ಮೊದಲು 'ಉಸ್ತೆದ್' ಹಿಡಿಯಿರಿ, ಅಂದರೆ ನೀವು ಅನ್ನುವ ಮರ್ಯಾದೆಯ ರೂಪ. ಸ್ಪೇನಿನಲ್ಲಿ ಅಂಗಡಿಯವರನ್ನೂ ನೀನು ಅಂತ ಮಾತಾಡಿಸುವ ಅಭ್ಯಾಸ ಇದೆ, ಆದರೆ ಸಮವಸ್ತ್ರದ ಮುಂದೆ ಅದು ಬೇಡ. ಲೈಸೆನ್ಸಿನ ಹೆಸರು ಗೊತ್ತಿರಲಿ. ಸ್ಪೇನಿನಲ್ಲಿ ಜನ ಹೇಳುವುದು 'ಕಾರ್ನೆ', ಕಾಗದದ ಮೇಲೆ 'ಪೆರ್ಮಿಸೊ'. ಮೆಕ್ಸಿಕೊದಲ್ಲಿ 'ಲಿಸೆನ್ಸಿಯಾ'. ಪೆರುವಿನಲ್ಲಿ 'ಬ್ರೆಬೇತೆ'. ಅರ್ಜೆಂಟೀನಾದ ಹಳಬರು 'ರೆಹಿಸ್ತ್ರೊ' ಅಂತಾರೆ, ಉರುಗ್ವೆಯಲ್ಲಿ 'ಲಿಬ್ರೇತಾ'. ಕೊಲಂಬಿಯಾದಲ್ಲಿ ಮಾತ್ರ ಎಚ್ಚರ. ಅಲ್ಲಿ 'ಲಿಸೆನ್ಸಿಯಾ ದೆ ತ್ರಾನ್ಸಿತೊ' ಅಂದರೆ ಗಾಡಿಯ ನೋಂದಣಿ ಪತ್ರ, ನಮ್ಮ ಆರ್‌ಸಿ. ನಿಮ್ಮ ಲೈಸೆನ್ಸ್ ಬೇಕಾದರೆ 'ಲಿಸೆನ್ಸಿಯಾ ದೆ ಕೊಂದುಕ್ಸಿಯೋನ್' ಅಥವಾ ಸುಮ್ನೆ 'ಪಾಸೆ' ಅಂತ ಕೇಳುತ್ತಾರೆ. ಜೊತೆಗೆ 'ಸೋಆತ್' ಅಂತಲೂ ಕೇಳಬಹುದು. ಅದು ಅಲ್ಲಿನ ಕಡ್ಡಾಯ ವಿಮೆ. ದಂಡದ ಚೀಟಿಯ ಹೆಸರು ನಿಮಗೆ ಬೇಕಾಗದಿರಲಿ, ಆದರೂ ಹೇಳುತ್ತೇನೆ. ಸ್ಪೇನಿನಲ್ಲಿ 'ಮುಲ್ತಾ', ಕೊಲಂಬಿಯಾದಲ್ಲಿ 'ಕೊಂಪರೆಂದೊ', ಪೆರುವಿನಲ್ಲಿ 'ಪಪೆಲೇತಾ', ಚಿಲಿಯಲ್ಲಿ 'ಪಾರ್ತೆ'. ಸ್ಪೇನಿನಲ್ಲಿ 2006ರಿಂದ ಪಾಯಿಂಟ್ ಪದ್ಧತಿ ಇದೆ. ಸಾಮಾನ್ಯವಾಗಿ 12 ಪಾಯಿಂಟ್ ಇರುತ್ತವೆ, ಹೊಸಬರಿಗೆ 8. ತಪ್ಪು ಮಾಡಿದಂತೆ ಕಳೆಯುತ್ತಾ ಹೋಗುತ್ತಾರೆ.

ಕಾಲೇಜು ಹುಡುಗಿಯೊಬ್ಬಳ ಪ್ರಶ್ನೆ: ಸರ್, ಕಾರ್ರೊ ಅಂತ ನಾನು ಹೇಳಿದರೆ ಮೇಡಂ ತಿದ್ದುತ್ತಾರೆ. ಯಾಕೆ?

ರ್ರ ಸಾಕಷ್ಟು ಅದುರುತ್ತಿಲ್ಲ ಅನ್ನಿಸುತ್ತೆ. ಒಂದೇ ರ ಹೇಳಿದರೆ ಅದು 'ಕಾರೊ', ದುಬಾರಿ ಅಂತ ಅರ್ಥ. ಆದರೆ ಕನ್ನಡದವರಿಗೆ ಒತ್ತಕ್ಷರ ಹೊಸದಲ್ಲ, ಇದು ಬೇಗ ಬರುತ್ತದೆ. ಜಾಸ್ತಿ ಗಮನ ಕೊಡಬೇಕಾದ್ದು ತ, ದ. ಇಂಗ್ಲಿಷ್ ಅಭ್ಯಾಸದಿಂದ ನಾವು ಆಲ್ಟೊ, ಟೋಪೆ, ಟಾಕೊ ಅನ್ನುತ್ತೇವೆ. ಅಲ್ಲಿರುವುದು ನಮ್ಮ ತ, ನಮ್ಮ ದ. ಬೊಲಾಂತೆ, ಅಂದರೆ ಸ್ಟೀರಿಂಗ್. ವಿ ಅಕ್ಷರ ಬರೆದರೂ ಉಚ್ಚಾರ ಬಕಾರವೇ.

ಕೆಲಸಕ್ಕೆ ಮೆಕ್ಸಿಕೊಗೆ ಹೊರಟಿದ್ದ ಎಂಜಿನಿಯರ್ ಒಬ್ಬರು ಕೇಳಿದರು: ಕಂಡಕ್ಟರ್ ಅಂದರೆ ಅಲ್ಲೂ ಕಂಡಕ್ಟರೇನಾ?

ಅಲ್ಲ. 'ಕೊಂದುಕ್ತೋರ್' ಅಂದರೆ ಓಡಿಸುವವನು. ಟಿಕೆಟ್ ಕೊಡುವವನು 'ಕೊಬ್ರದೋರ್'. ಚಾಲಕನಿಗೆ 'ಚೊಫೇರ್' ಅಂತಲೂ ಅನ್ನುತ್ತಾರೆ. ಸ್ಪೇನಿನಲ್ಲಿ ಒತ್ತು ಮೊದಲ ಅಕ್ಷರಕ್ಕೆ ಜರುಗಿ 'ಚೋಫೆರ್' ಆಗುತ್ತದೆ. ಬಸ್ಸಿನ ವಿಷಯ ಬಂತಲ್ಲ, ಮೆಕ್ಸಿಕೊದಲ್ಲಿ ಬಸ್ಸಿಗೆ 'ಕಮಿಯೋನ್' ಅಂತಾರೆ. ಉಳಿದ ಕಡೆ ಕಮಿಯೋನ್ ಅಂದರೆ ಲಾರಿ. "ಕಮಿಯೋನ್ ಹತ್ತಿ ಆಫೀಸಿಗೆ ಬಾ" ಅಂದರೆ ಲಾರಿಗೆ ಕೈ ಅಡ್ಡ ಹಾಕಬೇಡಿ. ಕ್ಯೂಬಾ, ಪೋರ್ಟೊ ರಿಕೊದಲ್ಲಿ ಬಸ್ಸಿಗೆ 'ಗ್ವಾಗ್ವಾ'. ಚಿಲಿಯಲ್ಲಿ ಗ್ವಾಗ್ವಾ ಅಂದರೆ ಹಸುಗೂಸು.

ಹಿರಿಯರೊಬ್ಬರು ಕೇಳಿದರು: ಪದ ಮರೆತುಹೋದರೆ?

ವಸ್ತುವನ್ನು ತೋರಿಸಿ "ಕೋಮೊ ಲೆ ದೀಸೆನ್ ಆ ಎಸ್ತೊ ಅಕೀ?" ಅಂತ ಕೇಳಿ. ಇದಕ್ಕೆ ಇಲ್ಲಿ ಏನಂತೀರಿ ಅಂತ. ಆ 'ಅಕೀ', ಅಂದರೆ ಇಲ್ಲಿ, ಬಿಡಬೇಡಿ. ಸ್ಪ್ಯಾನಿಷ್‌ನಲ್ಲಿ ಏನಂತಾರೆ ಅಂತ ಕೇಳಿದರೆ ಪುಸ್ತಕದ ಪದ ಕೊಡುತ್ತಾರೆ. ಇಲ್ಲಿ ಏನಂತೀರಿ ಅಂದರೆ ಮೂರು ಪದ ಕೊಟ್ಟು, ಪಕ್ಕದ ದೇಶದವರು ಏನಂತಾರೆ ಅನ್ನುವುದನ್ನೂ ಹೇಳಿ ನಗುತ್ತಾರೆ.

ಕೊನೆಯ ಪ್ರಶ್ನೆ ಒಬ್ಬ ಆಟೋ ಚಾಲಕರ ಮಗನದು: ನಮ್ಮ ಆಟೋಗೆ ಅಲ್ಲಿ ಏನಂತಾರೆ?

ಮೊದಲನೆಯದಾಗಿ ಔತೊ ಅನ್ನಬೇಡಿ. ಅದು ಕಾರು. ಪೆರುವಿನಲ್ಲಿ 'ಮೊತೊತಾಕ್ಸಿ', ಗ್ವಾಟೆಮಾಲಾದಲ್ಲಿ 'ತುಕ್ ತುಕ್'. ಲಿಮಾದ ಹೊರವಲಯದಲ್ಲಿ, ಅಮೆಜಾನ್ ಕಾಡಿನ ನಡುವಿನ ಇಕಿತೋಸ್ ನಗರದಲ್ಲಿ ಜನ ಓಡಾಡುವುದೇ ಮೊತೊತಾಕ್ಸಿಯಲ್ಲಿ. ಇಕಿತೋಸ್‌ನವು ಬೈಕಿನ ಹಿಂದೆ ಸೀಟು ಜೋಡಿಸಿದ ಮಾದರಿಯವು ಜಾಸ್ತಿ. ಆದರೆ ಲಿಮಾದ ಬೀದಿಗಳಲ್ಲಿ ನಮ್ಮ ಬಜಾಜ್ ಗಾಡಿಗಳೇ ಓಡುತ್ತವೆ. ಅಲ್ಲಿ ಅದರ ಒಂದು ಮಾದರಿಯ ಹೆಸರು 'ತೊರೀತೊ', ಮರಿ ಗೂಳಿ. ಹತ್ತುವ ಮೊದಲು ಬಾಡಿಗೆ ಮಾತಾಡಿಕೊಳ್ಳಿ. ಮೀಟರ್ ಇರುವುದಿಲ್ಲ.